ಮರದಡಿಯ ಹನ್ನೆರಡನೆಯ ಮನೆ

ಉಪಗ್ರಹದ ಚಿತ್ರ ನೋಡಿ ನಕ್ಷೆ ಬರೆಯುವ ಕಚೇರಿಯಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ ಕಳೆದಿತ್ತು. ಪರದೆಯಲ್ಲಿ ಕಂಡ ಒಂದೊಂದು ಚಾವಣಿಯ ಸುತ್ತಲೂ ಮೌಸ್ ಹಿಡಿದು ಗೆರೆ ಎಳೆಯುವುದು ಅವಳ ಕೆಲಸ. ಮರುಭೂಮಿ, ದ್ವೀಪ, ಹಿಮದೂರು, ಅವಳು ಗೆರೆ ಎಳೆಯದ ಸೀಮೆಯಿಲ್ಲ. ದಿನಾ ಕಾಲಿಡುತ್ತಿದ್ದುದು ಮಾತ್ರ ಎರಡೇ ಕಡೆ: ಕಚೇರಿ, ಮತ್ತು ಬೀಗ ರಿಪೇರಿಯವನ ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಕಚೇರಿಯಲ್ಲಿ ಎಲ್ಲರಿಗೂ ಅವಳು 'ಹದ್ದಕ್ಕ'. ತಂಗಿ ತಿಂಗಳಿಗೊಮ್ಮೆ ಫೋನ್ ಮಾಡಿ "ಊಟ ಆಯ್ತಾ ಅಕ್ಕಾ?" ಎನ್ನುವಳು, ಇವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಮಗು ಅಳುತ್ತಿತ್ತು.

ಒಂದು ಮಧ್ಯಾಹ್ನ, ದೂರದ ದೇಶದ ಕಾಡಿನ ನಡುವೆ ಹನ್ನೊಂದು ಬೂದು ಚುಕ್ಕೆಗಳು ಕಂಡವು. ಹಳೆಯ ನಕ್ಷೆಯಲ್ಲಿ ಅಲ್ಲಿ ಬರೀ ಹಸಿರು.

"ಬಂಡೆ ಇರ್ಬೇಕು, ಬಿಟ್ಬಿಡಿ," ಎಂದರು ಮೇಲ್ವಿಚಾರಕರು.

"ಬಂಡೆಗೆ ಯಾಕೆ ಸರ್ ಕಾಲುದಾರಿ? ನೋಡಿ, ಹೊಳೆವರೆಗೂ ಹೋಗಿದೆ."

"ಮೊದ್ಲು ಇವತ್ತಿನ ಕೆಲ್ಸ ಮುಗ್ಸಿ."

ಮೂರು ದಿನ ಊಟದ ಬಿಡುವಿನಲ್ಲಿ ಅವಳು ಹಳೆಯ ಚಿತ್ರಗಳನ್ನು ಹುಡುಕಿ ಹೋಲಿಸಿದಳು. ಹಿಂದಿನ ವರ್ಷ ಇದ್ದದ್ದು ಎಂಟೇ ಚುಕ್ಕೆ.

"ಬಂಡೆ ಮರಿ ಹಾಕಲ್ಲ ಸರ್!"

ಕಚೇರಿಯೆಲ್ಲ ನಕ್ಕಿತು. "ಸೋತೆ ತಾಯಿ," ಎಂದು ಮೇಲ್ವಿಚಾರಕರು ಅವನ್ನು ನಕ್ಷೆಗೆ ಸೇರಿಸಲು ಒಪ್ಪಿಗೆ ಕೊಟ್ಟರು.

ಏಳು ತಿಂಗಳ ಮೇಲೆ ಆ ದೇಶದ ನರ್ಸ್ ಒಬ್ಬಳಿಂದ ಪತ್ರ ಬಂತು. ನಿಮ್ಮ ನಕ್ಷೆ ಹಿಡಿದೇ ಹೋದೆವು, ಇಪ್ಪತ್ತಮೂರು ಮಕ್ಕಳಿಗೆ ಮೊದಲ ಸಲ ಲಸಿಕೆ ಹಾಕಿದೆವು. ಆದರೆ ಮನೆ ಹನ್ನೊಂದಲ್ಲ, ಹನ್ನೆರಡು. ದೊಡ್ಡ ಮರದಡಿ ಇರುವ ಒಂದು ಮನೆ ಮೇಲಿನಿಂದ ಕಾಣದು. ಅಲ್ಲಿ ಅಜ್ಜಿಯೊಬ್ಬಳೇ ಇದ್ದಾಳೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀ ಕುಡಿದು ತಮ್ಮ ತಮ್ಮ ಪರದೆಗೆ ಮರಳಿದರು. ಅವಳು ಮಾತ್ರ ಮರದ ಹಸಿರಿನ ಮೇಲೆ ಪುಟ್ಟ ಚೌಕ ಬರೆದು ಬಹಳ ಹೊತ್ತು ನೋಡುತ್ತ ಕುಳಿತಳು. ಆಮೇಲೆ ನರ್ಸ್‌ಗೆ ಒಂದೇ ಸಾಲು ಬರೆದಳು: ಆ ಅಜ್ಜಿಯ ಹೆಸರೇನು?

ಕೇಳಲು ಮರೆತೆ, ಮುಂದಿನ ಸಲ ಹೋದಾಗ ಕೇಳುತ್ತೇನೆ ಎಂದು ಉತ್ತರ ಬಂತು. ಮುಂದಿನ ಸಲವೆಂದರೆ ಮರುವರ್ಷ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಒಮ್ಮೆ ಆ ಚೌಕ ನೋಡುವುದು ಅವಳಿಗೆ ರೂಢಿಯಾಯಿತು. ಯಾರಿಗೂ ಹೇಳಲಿಲ್ಲ. ಹೇಳಲು ಅದರಲ್ಲಿ ಏನಿತ್ತು?

ಮರುವರ್ಷ ಪತ್ರ ಬಂತು. ಅಜ್ಜಿ ತೀರಿಕೊಂಡಿದ್ದಳು, ಮನೆ ಬಿದ್ದುಹೋಗಿತ್ತು. ಹೆಸರನ್ನು ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಹೇಳಿದರಂತೆ.

ಇಲ್ಲದ ಮನೆ ನಕ್ಷೆಯಲ್ಲಿ ಇರುವಂತಿಲ್ಲ. ಅಳಿಸುವ ಕೆಲಸವೂ ಅವಳದೇ. ಎರಡು ದಿನ ಮುಂದೆ ಹಾಕಿದಳು, ಮೂರನೆಯ ದಿನ ಅಳಿಸಿದಳು. ಕಣ್ಣೊರೆಸಿಕೊಂಡು ಮುಂದಿನ ಚಿತ್ರ ತೆರೆದಳು: ಕಡಲತಡಿಯ ಯಾವುದೋ ಊರು, ಸುಮಾರು ನಾನೂರು ಚಾವಣಿ.