ಕಟ್ಟುಬಿದ್ದ ಕುದುರೆ

ಮೊನ್ನೆ ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು ತೋಳು ತಿಕ್ಕುತ್ತಿದ್ದಾಗ ಮೇಜಿನ ಮೇಲಿದ್ದ ಖಾಲಿ ಔಷಧದ ಸೀಸೆ ಕಣ್ಣಿಗೆ ಬಿತ್ತು. ಸ್ಪಿರಿಟ್ಟಿನ ವಾಸನೆ ಬೇರೆ. ಎಂಬತ್ತರ ದಶಕದ ನರ್ಸಬಾಯಿ ಎದುರಿಗೇ ಬಂದು ಕೂತಂತಾಯಿತು...

ಆಗ ನಾನು ಮಾದನಹಿಪ್ಪರಗಾ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಟೀಚರು. ನರ್ಸಬಾಯಿ ಪಕ್ಕದ ಮನೆಯವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು. ರಟ್ಟಿನ ಹಲಗೆಯ ಮೇಲೆ ಖಾಲಿ ಸೀಸೆಗಳನ್ನೇ ಕಾಯಿ ಮಾಡಿಕೊಂಡು ನನಗೆ ಚದುರಂಗ ಕಲಿಸಿದವರು ಅವರೇ. ದೊಡ್ಡ ಸೀಸೆ ರಾಜ, ದಾರ ಸುತ್ತಿದ್ದು ಕುದುರೆ, ಓರೆಯಾಗಿ ನಡೆಯುವ ಒಂಟೆಗೆ ಕೆಂಪು ರಬ್ಬರಿನ ಟೋಪಿ. ದಿನಾ ಸೋಲುತ್ತಿದ್ದೆ, ದಿನಾ ಸಿಟ್ಟಾಗುತ್ತಿದ್ದೆ.

ಒಂದು ವರ್ಷ ಊರಿನ ದೊಡ್ಡ ಮನೆಯ ಸೊಸೆ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತೆಂದರು ಮನೆಯವರು. ಉಸಿರಿದೆಯೇ ನೋಡಲು ಕರೆಸಿದಾಗ ನರ್ಸಬಾಯಿ ಅವಳ ಕೊರಳ ಮೇಲೆ ಬೆರಳಿನ ಗುರುತು ಕಂಡು ಬಂದಿದ್ದರು. ಕೇಸು ಆಳಂದ ಕೋರ್ಟಿಗೆ ಹೋಯಿತು, ಸಾಕ್ಷಿ ಹೇಳಲು ಇವರಿಗೆ ಸಮನ್ಸ್ ಬಂತು. ಅಂದಿನಿಂದ ಆ ಮನೆಯ ಯಜಮಾನ ಸಂಜೆ ಸಂಜೆ ನಮ್ಮ ಕಟ್ಟೆಯ ಮುಂದೆ ಮೋಟಾರ್‌ಸೈಕಲ್ ನಿಲ್ಲಿಸತೊಡಗಿದ. ಬೈಯಲಿಲ್ಲ, ಗದರಲಿಲ್ಲ.

"ನಿಮ್ಮ ಹುಡುಗಿ ಹಿಪ್ಪರಗಾ ಶಾಲಿಗಿ ಒಬ್ಬಾಕಿನೇ ಬಸ್ಸಿಗಿ ಹೋಗ್ತಾಳಲ್ರಿ, ಬಾಯಿ?" ಎಂದು ನಕ್ಕು ಹೋಗುತ್ತಿದ್ದ.

ಸಾಕ್ಷಿಯ ಮಾತೆತ್ತಿದರೆ ನರ್ಸಬಾಯಿ ಸೀಸೆ ಜೋಡಿಸತೊಡಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಆಟದ ನಡುವೆಯೇ ಸಿಡಿದೆ: "ಅಲ್ರೀ, ಕಂಡದ್ದು ಹೇಳಾಕ ಏನು ಧಾಡಿ ನಿಮಗ?"

ಅವರು ತಮ್ಮ ಕುದುರೆಯನ್ನು ತೋರಿಸಿದರು. ನನ್ನ ಒಂಟೆ ಅದಕ್ಕೆ ಗುರಿಯಿಟ್ಟಿತ್ತು. ಅದೇ ಓರೆಗೆರೆಯಲ್ಲಿ, ಕುದುರೆಯ ಬೆನ್ನಿಗೇ ಅವರ ರಾಜ.

"ಇದನ್ನ ಎತ್ತಾಕ ಬರ್ತದೇನ್ರಿ? ಎತ್ತಿದ್ರ ನಿಮ್ಮ ಒಂಟಿ ಸೀದಾ ರಾಜನ ಮ್ಯಾಲ ಬೀಳ್ತದ. ಕುದುರಿ ಕಟ್ಟುಬಿದ್ದದ ನೋಡ್ರಿ. ಮದಲ ರಾಜನ್ನ ಬಾಜೂಕ ಸರಸಬೇಕು."

ವಾರದೊಳಗೆ ಮಗಳು ಊರಲ್ಲಿ ಕಾಣದಾದಳು. ಜೇವರ್ಗಿಯಲ್ಲಿದ್ದ ತಮ್ಮ ತಂಗಿಯ ಮನೆಗೆ ನರ್ಸಬಾಯಿ ಅವಳನ್ನು ಕಳಿಸಿದ್ದು ನನಗೊಬ್ಬಳಿಗೇ ಗೊತ್ತಿತ್ತು. ಹುಡುಗಿ ಎಲ್ಲಿ ಎಂದು ಯಜಮಾನ ಕೇಳಿದ. "ಬಳಗದವರ ಊರಿಗಿ ಹೋಗ್ಯಾಳ್ರಿ" ಅಂದರು ಇವರು, ಯಾವ ಊರೆಂದು ಹೇಳಲಿಲ್ಲ. ಅವತ್ತು ಅವನು ನಗಲಿಲ್ಲ.

ಕೋರ್ಟಿನ ದಿನ ಬೆಳಿಗ್ಗೆ ನರ್ಸಬಾಯಿ ನಮ್ಮ ಮನೆಗೆ ಬಂದು, ಅರ್ಧಕ್ಕೆ ಬಿಟ್ಟಿದ್ದ ಆ ಆಟದಲ್ಲಿ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರು.

"ಈಗ ನಿಮ್ಮ ಪಾಳಿ, ಟೀಚರ್."

"ಅಯ್ಯ, ಕುದುರಿ ಹೊಡೀಲಾಕ ಬರ್ತದಲ್ರಿ ನನಗ!"

"ಹೊಡದ್ರ ಹೊಡೀರಿ. ಈಗ ಅದಕ್ಕ ನಡ್ಯಾಕರ ಬರ್ತದಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಕೋರ್ಟಿನಲ್ಲಿ ಕಂಡದ್ದನ್ನೆಲ್ಲ ಗಟ್ಟಿ ದನಿಯಲ್ಲೇ ಹೇಳಿದರಂತೆ. ಆ ಮಾತಿನ ಮೇಲೆಯೇ ಮುಂದೆ ಯಜಮಾನನ ಮಗನಿಗೆ ಜೈಲಾಯಿತು. ಆದರೆ ಆ ಸಂಜೆಯ ಬಸ್ಸಿನಿಂದ ಅವರು ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ... ಆಳಂದದಲ್ಲಿ ಬಸ್ಸು ಹತ್ತಿದ್ದನ್ನು ಕಂಡವರಿದ್ದರು. ಎಲ್ಲಿ ಇಳಿದರೆಂದು ಹೇಳುವವರು ಒಬ್ಬರೂ ಸಿಗಲಿಲ್ಲ. ಪೊಲೀಸರು ಹುಡುಕಿದರು, ನಾವೂ ಹುಡುಕಿದೆವು, ಹುಡುಕಿ ಸಾಕಾಯಿತು. ಮಗಳು ಜೇವರ್ಗಿಯಲ್ಲೇ ಬೆಳೆದಳು, ಈಗ ಮಕ್ಕಳೊಂದಿಗೆ ಅಲ್ಲೇ ಸುಖವಾಗಿದ್ದಾಳೆ.

ಆ ರಟ್ಟಿನ ಹಲಗೆ ನನ್ನ ಕಪಾಟಿನಲ್ಲಿದೆ. ಧೂಳು ಒರೆಸುವಾಗ ಸೀಸೆಗಳನ್ನು ಒಂದೊಂದೇ ಎತ್ತಿ, ಮತ್ತೆ ಆಯಾ ಮನೆಯಲ್ಲೇ ಇಡುತ್ತೇನೆ. ಪಾಳಿ ಇನ್ನೂ ನನ್ನದೇ. ಆ ಕುದುರೆಯನ್ನು ಹೊಡೆಯಲು ನನಗೆ ಇಂದಿಗೂ ಕೈ ಬಂದಿಲ್ಲ.