ನಡುಮನೆಗೆ ಹೋಗುವ ವೈರು

ಶ್ರೀರಂಗಪಟ್ಟಣದ ಕೋಟೆಯೊಳಗೆ ಬಂದು ಪ್ರಿಯಂವದಾ ಅವರ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಕ್ಷಣ ತಲೆ ಕೆರೆದುಕೊಳ್ಳುತ್ತಿದ್ದರು. ಟೈಪಿಂಗ್ ಅಮ್ಮನ ಮನೆ ಎಂದರೆ ಸಾಕು, ಟಾಂಗಾದವನೂ ಬಾಗಿಲವರೆಗೆ ತಂದು ಬಿಡುತ್ತಿದ್ದ. ಅರ್ಜಿ ಬರೆಸುವವರು, ಲಗ್ನಪತ್ರಿಕೆ ಮಾಡಿಸುವವರು, ಟೈಪಿಂಗಿನ ಜೂನಿಯರ್ ಪರೀಕ್ಷೆ ಕಟ್ಟಿದ ಹುಡುಗಿಯರು, ಎಲ್ಲರಿಗೂ ಆ ಮನೆಯ ಜಗಲಿ ಗೊತ್ತು. ಆ ಮನೆಯ ಸೊಸೆಗೆ ತಂದೆತಾಯಿ ಎಷ್ಟು ಚೆಂದದ ಹೆಸರಿಟ್ಟಿದ್ದರು ಎಂಬುದು ಮಾತ್ರ ಯಾರಿಗೂ ಬೇಕಾಗಿರಲಿಲ್ಲ.

ಆಕೆ ನಾಗಮಂಗಲದ ಮೇಷ್ಟರೊಬ್ಬರ ಮಗಳು. ಮದುವೆಯಾಗಿ ಬಂದದ್ದು ಶ್ರೀಕಂಠಯ್ಯನವರ ಮನೆಗೆ. ಶ್ರೀಕಂಠಯ್ಯ ಕೋಟೆಯೊಳಗಿನ ಈಶ್ವರನ ಗುಡಿಯ ಅರ್ಚಕರು, ಅವರ ಮಗ ನಾಗೇಂದ್ರ ಮಂಡ್ಯದಲ್ಲಿ ಗುಮಾಸ್ತ. ಬಂದ ಹೊಸದರಲ್ಲೇ ಪ್ರಿಯಂವದಾ ಹಜಾರದಲ್ಲಿ ಹಳೆಯ ಟೈಪ್‌ರೈಟರುಗಳನ್ನು ಇಟ್ಟುಕೊಂಡು ಪಾಠ ಶುರು ಮಾಡಿದಳು. ರಿಪೇರಿಯವನು ಮೈಸೂರಿನಿಂದ ತನಗೆ ಮನಸ್ಸು ಬಂದಾಗ ಬರುತ್ತಿದ್ದ, ಅಂದರೆ ಬರುತ್ತಿರಲಿಲ್ಲ. ಹೀಗಾಗಿ ಆಕೆಯೇ ಸ್ಕ್ರೂಡ್ರೈವರ್ ಹಿಡಿದಳು.

ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಯಾವುದಾದರೂ ಯಂತ್ರ ಕೆಟ್ಟರೆ ಅದನ್ನು ಎಲ್ಲ ಕಡೆಯೂ ತಟ್ಟುತ್ತೇವೆ, ಊದುತ್ತೇವೆ, ಎಳೆಯುತ್ತೇವೆ, ಹೇಗೋ ಸರಿಹೋದರೆ ನಾನೇ ಸರಿಮಾಡಿದೆ ಎಂದು ಮೀಸೆ ತಿರುವುತ್ತೇವೆ. ಪ್ರಿಯಂವದಾ ಹಾಗಲ್ಲ. ಒಂದು ಸಲಕ್ಕೆ ಒಂದೇ ಜಾಗ ಮುಟ್ಟುವಳು. ಸರಿಹೋಗದಿದ್ದರೆ ಅದನ್ನು ಮೊದಲಿದ್ದಂತೆಯೇ ಇಟ್ಟು ಮುಂದಿನದಕ್ಕೆ ಹೋಗುವಳು. "ಎರಡು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಹೋಯ್ತು ಅನ್ನೋದೇ ತಿಳಿಯಲ್ಲ" ಎನ್ನುವಳು. ನೋಡುವವರಿಗೆ ತಾಳ್ಮೆ ತಪ್ಪುತ್ತಿತ್ತು, ಆಕೆಗೆ ತಪ್ಪುತ್ತಿರಲಿಲ್ಲ. ಈ ಒಂದು ಗುಣಕ್ಕೆ ನಾನು ಆಕೆಗೆ ಎದ್ದು ನಿಂತು ಕೈ ಮುಗಿಯುತ್ತೇನೆ.

ತೊಂಬತ್ತೇಳರಲ್ಲಿ ಹಜಾರಕ್ಕೆ ಕಂಪ್ಯೂಟರು ಬಂತು, ಜೊತೆಗೆ ಪ್ರಿಂಟರು. ಪಾಂಡವಪುರ, ಕೆ.ಆರ್.ಪೇಟೆ ಕಡೆಯಿಂದಲೂ ಲಗ್ನಪತ್ರಿಕೆಯವರು ಹುಡುಕಿಕೊಂಡು ಬರತೊಡಗಿದರು. ಮರುವರ್ಷ ಎರಡನೆಯ ಕಂಪ್ಯೂಟರು ಬಂತು. ಅದಕ್ಕೆ ಕೂರಿಸಲು ಬೆಳಗೊಳದ ಪವಿತ್ರ ಸಿಕ್ಕಳು. ಪಿಯುಸಿ ಮುಗಿಸಿದ್ದ ಹುಡುಗಿ, ಕನ್ನಡ ಟೈಪಿಂಗಿನಲ್ಲಿ ಬೆರಳು ಓಡಿದರೆ ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಆದರೆ ಅವಳಪ್ಪ ಚಿಕ್ಕಸ್ವಾಮಿ, ಗದ್ದೆ ಮತ್ತು ಹಸು ನೋಡಿಕೊಂಡಿದ್ದ ಮನುಷ್ಯ, ಒಂದು ಷರತ್ತು ಹಾಕಿದ.

"ಹಜಾರದಲ್ಲಿ ಬರೋರ್ ಹೋಗೋರ್ ಎದ್ರುಗೆ ಕೂರ್ಸ್‌ಬ್ಯಾಡಿ ಕಣವ್ವ. ಒಳಗಡೆ ದೊಡ್ಡಮ್ಮಾರ ಜತೇಲಿ ಕೂರ್ಸದಾದ್ರೆ ಕಳುಸ್ತೀನಿ."

ಷರತ್ತು ಪ್ರಿಯಂವದಾಗೆ ಹಿಡಿಸಲಿಲ್ಲ. ಆದರೂ ವಾದಕ್ಕೆ ನಿಂತರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ತಿಳಿದು, ಎರಡನೆಯ ಕಂಪ್ಯೂಟರನ್ನು ನಡುಮನೆಯಲ್ಲಿ, ಅತ್ತೆ ಕೌಸಲ್ಯಮ್ಮ ಹೂ ಕಟ್ಟುವ ಜಾಗದ ಪಕ್ಕದಲ್ಲಿ ಇಡಿಸಿದಳು. ಹಜಾರದಿಂದ ನಡುಮನೆಗೆ ಗೋಡೆಗುಂಟ ಒಂದು ಕರಿ ವೈರು ಎಳೆಸಿದಳು. ಅಕ್ಷರದ ಅಚ್ಚುಗಳು, ಗಣಪತಿ, ಓಲಗದವರ ಚಿತ್ರಗಳು ಎಲ್ಲ ಹಜಾರದ ಯಂತ್ರದಲ್ಲಿ. ಪವಿತ್ರ ಅವನ್ನು ವೈರಿನ ಮೂಲಕ ತರಿಸಿಕೊಂಡು ಪತ್ರಿಕೆ ಕೂಡಿಸಿ ವೈರಿನ ಮೂಲಕವೇ ಪ್ರಿಂಟರಿಗೆ ಕಳಿಸುವಳು. ಫ್ಲಾಪಿಯಲ್ಲಿ ಒಯ್ಯೋಣವೆಂದರೆ ಚಿತ್ರಗಳು ಅದರಲ್ಲಿ ಹಿಡಿಸುತ್ತಿರಲಿಲ್ಲ. ಒಟ್ಟಿನಲ್ಲಿ ಆ ವೈರು ಇದ್ದರೆ ಪವಿತ್ರಳಿಗೆ ಕೆಲಸ, ಇಲ್ಲದಿದ್ದರೆ ಇಲ್ಲ.

ವೈರಿನ ಎರಡೂ ತುದಿಯಲ್ಲಿ, ಯಂತ್ರದ ಬೆನ್ನಿಗೆ ಸಿಕ್ಕಿಸಿದ ಕವಲುಕೊಂಡಿಯ ಪಕ್ಕ, ಹೆಬ್ಬೆರಳ ತುದಿಯಷ್ಟು ದಪ್ಪದ ಲೋಹದ ಮುಚ್ಚಳವೊಂದು ಇತ್ತು. ವೈರು ಎಳೆದ ಮೈಸೂರಿನವನು ಅದಕ್ಕೆ ಟರ್ಮಿನೇಟರ್ ಎಂದಿದ್ದ. ಬಾವಿಯಲ್ಲಿ ಕೂಗಿದರೆ ದನಿ ತಿರುಗಿ ಬರುವ ಹಾಗೆ, ತುದಿಗೆ ಮುಚ್ಚಳವಿಲ್ಲದಿದ್ದರೆ ಕಳಿಸಿದ್ದು ತಿರುಗಿ ಬಂದು ಹಿಂದಿನಿಂದ ಬರುವುದಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ವಿವರಿಸಿ, ಇರಲಿ ಎಂದು ಒಂದು ಜೊತೆ ಹೆಚ್ಚಿಗೆ ಕೊಟ್ಟು ಹೋಗಿದ್ದ.

ಆ ವರ್ಷದ ದಸರಾ ಬಂತು. ಶ್ರೀಕಂಠಯ್ಯನವರಿಗೆ ಕಣ್ಣು ಮಂಜಾಗಿ ಗುಡಿಯ ಪೂಜೆ ತಮ್ಮನ ಮಗನಿಗೆ ಹೋಗಿತ್ತು. ಅವರ ಕೈಯಲ್ಲಿ ಉಳಿದದ್ದು ಮನೆಯ ಪೂಜೆ ಮಾತ್ರ. ಆಯುಧಪೂಜೆಯ ದಿನ ಮುದುಕರು ಹುಡುಗನ ಹಾಗೆ ಓಡಾಡಿದರು. ಕಂಪ್ಯೂಟರಿಗೆ ಸೇವಂತಿಗೆ ಹಾರ, ಪ್ರಿಂಟರಿಗೆ ವಿಭೂತಿ, ಕತ್ತರಿಗೂ ಸ್ಟೇಪ್ಲರಿಗೂ ಕುಂಕುಮ, ಬಾಗಿಲಲ್ಲಿ ಬೂದುಗುಂಬಳಕಾಯಿ. ಪ್ರಿಯಂವದಾ ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದಳು. ಮಂಗಳಾರತಿಗೆ ಕರೆದಾಗ ಬಂದು ಕೈ ಮುಗಿದಳು.

ಹಬ್ಬ ಮುಗಿದು ಯಂತ್ರ ಹಚ್ಚಿದರೆ ಒಳಗಿನ ಕಂಪ್ಯೂಟರು ತೆವಳತೊಡಗಿತು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಗಣಪತಿ ಈಗ ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತಾದರೂ ಸೊಂಡಿಲಿನವರೆಗೆ ಬಂದು ನಿಲ್ಲುತ್ತಿದ್ದ. ಕಾರ್ತಿಕದ ಲಗ್ನಗಳು ಎದುರಿಗಿದ್ದವು. ದೇವಲಾಪುರದವರು, ಹೊಸಹೊಳಲಿನವರು ಜಗಲಿಯಲ್ಲಿ ಕೂತು ಗೊಣಗತೊಡಗಿದರು. ಕರೆಂಟು ಕಮ್ಮಿ ಇರಬೇಕು ಎಂದ ನಾಗೇಂದ್ರ. ಪೂಜೆಯಂತೂ ಶಾಸ್ತ್ರೋಕ್ತವಾಗಿ ಆಗಿದೆ ಎಂದರು ಶ್ರೀಕಂಠಯ್ಯ. ಮೈಸೂರಿನವನಿಗೆ ಫೋನು ಮಾಡಿದರೆ ದೀಪಾವಳಿ ಕಳೆಯುವವರೆಗೆ ಪುರುಸೊತ್ತಿಲ್ಲ ಎಂದ. ಫೋನು ಇಡುವ ಮುಂಚೆ, "ಒಳಗೆ ಕೂರೋ ಹುಡುಗಿ ಕಾಲಲ್ಲಿ ವೈರು ಎಳೆದಿರ್ತಾಳೆ, ಕೇಳಿ ನೋಡಿ" ಎಂದೂ ಸೇರಿಸಿದ. ನೋಡದೆಯೇ ತೀರ್ಪು ಹೇಳುವ ಇಂಥವರಿಗೆ ಯಾವ ಕಾಲದಲ್ಲೂ ಬರವಿಲ್ಲ.

ಪ್ರಿಯಂವದಾ ಕೇಳಿದಳು. "ಕಾಲೇನಾದರೂ ತಾಗಿತ್ತೇನೇ ಪವಿತ್ರ?"

"ಇಲ್ಲ ಅಕ್ಕ."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಸಂಜೆ ಲಗ್ನಪತ್ರಿಕೆಯವರೊಬ್ಬರು ಬೈದು ಹೋದ ಮೇಲೆ ಮನಸ್ಸು ಕಹಿಯಾಗಿ ಇನ್ನೊಮ್ಮೆ ಕೇಳಿದಳು. "ನೆನಪು ಮಾಡ್ಕೊಂಡು ಹೇಳು. ತಾಗಿರಲೇ ಇಲ್ವಾ?" ಹುಡುಗಿ ಈ ಸಲ ಬರೀ ತಲೆ ಅಲ್ಲಾಡಿಸಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟಳು. ಮರುದಿನ ಬರಲಿಲ್ಲ.

ಅವಳ ಬದಲು ಬಂದವನು ಚಿಕ್ಕಸ್ವಾಮಿ. ಡೈರಿಗೆ ಹಾಲು ಹಾಕಿ, ಮೊಪೆಡ್ಡಿನಲ್ಲಿ ಖಾಲಿ ಕ್ಯಾನು ಕಟ್ಟಿಕೊಂಡೇ ಬಂದಿದ್ದ. ಜಗಲಿ ಹತ್ತಲಿಲ್ಲ.

"ನಮ್ ಮಗ್ಳು ಸುಳ್ಳೇಳಾಕಿಲ್ಲ ಕಣವ್ವ. ಒಂದ್ಸಲ ಕೇಳಿದ್ರಿ, ಸರಿ. ಕೆಲ್ಸ ಕೆಟ್ಟದೆ, ಕೇಳ್ಬೇಕು. ಇಲ್ಲ ಅಂದ್ಮೇಲೂ ಯಾಕ್ ಕೇಳಿದ್ರಿ?"

ಪ್ರಿಯಂವದಾ ಜಗಲಿಯಿಂದ ಇಳಿದು ಅವನೆದುರಿಗೆ ಬಂದಳು.

"ರಾತ್ರಿ ಉಣ್ನಿಲ್ಲ ಅವ್ಳು. ಯಾರ್ ಕೆಡ್ಸವ್ರೆ ಅಂತ ತಿಳ್ದಾಗ ಏಳ್ ಕಳ್ಸಿ. ಅಲ್ಲೀಗಂಟ ಬರಾಕಿಲ್ಲ." ಮೊಪೆಡ್ಡು ತಿರುಗಿಸಿಕೊಂಡು ಹೋಗೇಬಿಟ್ಟ.

ಪ್ರಿಯಂವದಾ ಆವತ್ತು ಬಂದ ಗಿರಾಕಿಗಳನ್ನೆಲ್ಲ ಕಳಿಸಿ ಬಾಗಿಲು ಮುಂದಕ್ಕೆ ಹಾಕಿದಳು. ರಜೆ ಹಾಕಿ ಮನೆಯಲ್ಲಿದ್ದ ನಾಗೇಂದ್ರ, "ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ. ಮೈಸೂರಿಂದ ಹೊಸ ವೈರು, ಹೊಸ ಸಾಮಾನು ತಂದು ಎಲ್ಲಾ ಬದಲಾಯಿಸಿಬಿಡೋಣ" ಎಂದ.

"ಬದಲಾಯಿಸಿದರೆ ಸರಿಹೋಗುತ್ತೆ ರೀ. ಆದರೆ ಯಾವುದು ಕೆಟ್ಟಿತ್ತು ಅಂತ ತಿಳಿಯಲ್ಲ. ತಿಳಿಯದಿದ್ದರೆ ಆ ಹುಡುಗಿ ಮೇಲಿನ ಮಾತು ಹಾಗೇ ಉಳಿಯುತ್ತೆ."

ಗಂಡ ಸುಮ್ಮನಾದ. ಸುಮ್ಮನಾಗುವುದು ಯಾವಾಗ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದೊಂದು ಗುಣ ಹೇಳಲೇಬೇಕು.

ಇಬ್ಬರೂ ಸೇರಿ ಒಳಗಿನ ಕಂಪ್ಯೂಟರನ್ನು ಹೊತ್ತು ಹಜಾರಕ್ಕೆ ತಂದರು. ಪಕ್ಕಪಕ್ಕ ಇಟ್ಟು, ಪೆಟ್ಟಿಗೆಯಲ್ಲಿದ್ದ ಮೊಳದುದ್ದದ ತುಂಡು ವೈರಿನಿಂದ, ಹೆಚ್ಚಿಗೆ ಇದ್ದ ಮುಚ್ಚಳ ಹಾಕಿ ಕೂಡಿಸಿದಳು. ಗಣಪತಿ ಕರೆದ ತಕ್ಷಣ ಬಂದು ಕೂತ. ಅಲ್ಲಿಗೆ ಎರಡು ಯಂತ್ರಗಳೂ ನಿರಪರಾಧಿಗಳು. ಮತ್ತೆ ಹೊತ್ತು ನಡುಮನೆಗೆ ಒಯ್ದು ಹಳೆಯ ವೈರಿಗೆ ಹಳೆಯ ಹಾಗೆಯೇ ಸಿಕ್ಕಿಸಿದಳು. ಮತ್ತೆ ತೆವಳಾಟ. ಹಾಗಾದರೆ ಕೆಟ್ಟದ್ದು ಈ ವೈರಿನ ದಾರಿಯಲ್ಲೇ ಎಲ್ಲೋ ಇದೆ. ಸ್ಟೂಲು ಹತ್ತಿ ಇಳಿದು, ಗೋಡೆಯುದ್ದಕ್ಕೂ ವೈರನ್ನು ಬೆರಳಲ್ಲಿ ಸವರುತ್ತಾ ಹೋದಳು. ಇಲಿ ಕಡಿದಿರಲಿಲ್ಲ, ಮೊಳೆ ಕಚ್ಚಿರಲಿಲ್ಲ, ಬಾಗಿಲಿನ ಸಂದಿಯಲ್ಲಿ ನಲುಗಿರಲಿಲ್ಲ. ಕೌಸಲ್ಯಮ್ಮ ಸ್ಟೂಲು ಹಿಡಿದುಕೊಂಡೇ ಇದ್ದರು. "ಕಾಫಿಯಾದರೂ ಕುಡಿಯೇ" ಎಂದರೆ ಸೊಸೆಗೆ ಕೇಳಿಸಲಿಲ್ಲ.

ಉಳಿದದ್ದು ಎರಡು ತುದಿ. ಮೊದಲು ಒಳಗಿನ ತುದಿಗೆ ಹೋದಳು, ಪವಿತ್ರಳ ಕಾಲು ತಾಗಬಹುದಾಗಿದ್ದದ್ದು ಅಲ್ಲಿಯೇ. ಹಳೆಯ ಮುಚ್ಚಳ ತೆಗೆದು ಹೊಸದನ್ನು ಹಾಕಿದಳು. ಏನೂ ಬದಲಾಗಲಿಲ್ಲ, ಗಣಪತಿ ಹಿಂದಿನಂತೆಯೇ ತೆವಳಿದ. ಯಂತ್ರ ಸರಿಹೋಗದ್ದಕ್ಕೆ ಆಕೆಗೆ ಸಂತೋಷವಾದದ್ದು ಜೀವಮಾನದಲ್ಲಿ ಅದೊಂದೇ ಸಲ. ಹಳೆಯ ಮುಚ್ಚಳವನ್ನು ಮತ್ತೆ ಅದರ ಜಾಗಕ್ಕೇ ಹಾಕಿ ಹಜಾರಕ್ಕೆ ಬಂದಳು. ಅಲ್ಲಿನ ಮುಚ್ಚಳ ಬದಲಿಸಿ, "ರೀ, ಕರೀರಿ" ಎಂದು ಕೂಗಿದಳು. ನಡುಮನೆಯಿಂದ ನಾಗೇಂದ್ರನ ದನಿ ಬಂತು. "ಬಂತು ಕಣೇ! ಪೂರ್ತಿ ಬಂತು!"

ತೆಗೆದ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಳಗೆ ನಡುವಿನ ಸೂಜಿಯಂಥ ಮೊನೆಯ ಸುತ್ತ ಹಳದಿ ಬಣ್ಣದ್ದೇನೋ ಒಣಗಿ ಗಟ್ಟಿಯಾಗಿ, ಅದು ತಾಗಬೇಕಾದ ಕಡೆ ತಾಗದಂತೆ ಮುಚ್ಚಿಬಿಟ್ಟಿತ್ತು. ಉಗುರಿನಿಂದ ಕೆರೆದು ಮೂಗಿನ ಹತ್ತಿರ ತಂದಳು. ಗಂಧ. ಆಯುಧಪೂಜೆಯ ಗಂಧ.

ಮೊದಲು ನಗು ಬಂತು. ಆಮೇಲೆ ಅದು ತನ್ನಷ್ಟಕ್ಕೆ ನಿಂತಿತು. ಹೊರಗೆ ಬಂದು ನೋಡಿದ ನಾಗೇಂದ್ರ ದನಿ ತಗ್ಗಿಸಿದ.

"ಅಪ್ಪನಿಗೆ ಹೇಳಬೇಡ. ಗುಡಿ ಬಿಟ್ಟ ಮೇಲೆ ಅವರಿಗಿರೋದು ಈ ಪೂಜೆ ಒಂದೇ. ಕೈ ನೆಟ್ಟಗಿಲ್ಲ ಅಂತ ಅದನ್ನೂ ಬಿಟ್ಟುಬಿಡ್ತಾರೆ. ಒರೆಸಿ ಹಾಕು. ಇಲಿ ಕಡಿದಿತ್ತು ಅಂತ ಬೆಳಗೊಳಕ್ಕೆ ಹೇಳಿ ಕಳಿಸಿದರಾಯ್ತು."

ಅವನ ಮಾತು ತಪ್ಪೆಂದು ಹೇಳಲಾರೆ. ಪ್ರಿಯಂವದಾಗೂ ಮಾವನ ಮೇಲೆ ಜೀವ. ಮದುವೆಯಾದ ಹೊಸದರಲ್ಲಿ ಸೊಸೆ ಅಂಗಡಿ ಇಡುತ್ತಾಳಂತೆ ಎಂದು ಬೀದಿಯವರು ಆಡಿಕೊಂಡಾಗ, ಹಜಾರದ ತಮ್ಮ ಮಂಚವನ್ನು ತಾವೇ ಎತ್ತಿಸಿ ಜಾಗ ಬಿಟ್ಟುಕೊಟ್ಟವರು ಆ ಮುದುಕರು. ಆದರೆ ಇಲಿ ಕಡಿಯಿತು ಎಂದರೆ ಚಿಕ್ಕಸ್ವಾಮಿ ನಂಬುತ್ತಾನೆಯೇ? ನಂಬಿದರೂ, ಸುಳ್ಳು ಹೇಳದ ಹುಡುಗಿಯನ್ನು ಸುಳ್ಳು ಹೇಳಿ ಕರೆಸಿಕೊಳ್ಳುವುದೇ?

ಹಿತ್ತಿಲಲ್ಲಿ ಬಿಸಿಲು ಕಾಯುತ್ತಿದ್ದ ಶ್ರೀಕಂಠಯ್ಯನವರ ಮುಂದೆ ಹೋಗಿ ಕೂತು ಮುಚ್ಚಳವನ್ನು ಅವರ ಅಂಗೈಯಲ್ಲಿಟ್ಟಳು.

"ಮಾವ, ಇದನ್ನ ಸ್ವಲ್ಪ ಮೂಸಿ ನೋಡ್ತೀರಾ?"

ಮೂಗಿಗೆ ಹಿಡಿದರು. "ಗಂಧ. ನಾನು ತೇದದ್ದೇ. ಈ ಪರಿಮಳ ನಮ್ಮನೆ ಕೊರಡಿನದು." ಬೆರಳಿನಿಂದ ತಡವಿ ಗುರುತು ಹಿಡಿದರು. "ಆ ವೈರಿನ ತುದೀದಲ್ವೇ ಇದು? ಕತ್ತಿಗಾದರೆ ಅಲಗಿಗೆ ಹಚ್ಚಬೇಕು, ಹಿಡಿಗೆ ಹಚ್ಚಿದರೆ ಪೂಜೆಯಲ್ಲ ಅಂತ ನಮ್ಮಪ್ಪ ಹೇಳೋರು. ಇದನ್ನ ತಿರುಗಿಸಿದರೆ ಒಳಗೆ ಮೊನೆ ಕೈಗೆ ಸಿಕ್ತು. ಹಚ್ಚಿ ಮತ್ತೆ ಹಾಕಿದೆ. ಒಳಗಿನದಕ್ಕೂ ಹಚ್ಚೋಣ ಅಂದರೆ ಮಂಗಳಾರತಿ ಹೊತ್ತಾಗಿತ್ತು, ಮೇಲೇ ಒಂದು ಬೊಟ್ಟು ಇಟ್ಟೆ."

ಅಷ್ಟು ಹೇಳಿ ಮುಚ್ಚಳವನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು. ಯಂತ್ರ ಕೆಟ್ಟದ್ದು ಇದರಿಂದಲೇ ಎಂದು ಆಗ ಅವರಿಗೆ ಹೊಳೆಯಿತು.

"ಆ ಮಗೂನ ಕೇಳಿದ್ದೆಯಲ್ಲ, ಕಾಲು ತಾಗಿತ್ತಾ ಅಂತ?"

"ಹೂಂ ಮಾವ. ಎರಡು ಸಲ ಕೇಳಿದೆ."

ಮುದುಕರು ಎದ್ದು ಒಳಗೆ ಹೋದರು. ಬೇಸರವಾಯಿತೇನೋ, ಹೇಳಬಾರದಿತ್ತೇನೋ ಎಂದು ಪ್ರಿಯಂವದಾ ಅಲ್ಲೇ ಕೂತಳು. ಹೊರಗೆ ಬಂದಾಗ ಅವರ ಹೆಗಲ ಮೇಲೆ ಶಾಲು ಇತ್ತು, ಕಾಲಲ್ಲಿ ಚಪ್ಪಲಿ ಇತ್ತು.

"ಬೆಳಗೊಳದ ಬಸ್ಸು ಯಾವಾಗಮ್ಮಾ?"

ಬೆಳಗೊಳದಲ್ಲಿ ಚಿಕ್ಕಸ್ವಾಮಿ ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ. ಸೊಸೆಯ ಕೈ ಹಿಡಿದುಕೊಂಡು ಬರುತ್ತಿದ್ದ ಅರ್ಚಕರನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಓಡಿ ಬಂದ.

"ಅಯ್ಯೋ ಅಯ್ನೋರೆ, ಕಣ್ ಕಾಣ್ದೋರು ನೀವ್ಯಾಕ್ ಬರಾಕೋದ್ರಿ? ಏಳ್ ಕಳ್ಸಿದ್ರೆ ನಾನೇ ಬತ್ತಿರ್ನಿಲ್ವಾ?"

"ಹೇಳಿ ಕಳಿಸೋ ಮಾತಲ್ಲಪ್ಪ ಇದು. ನಿನ್ನ ಮಗಳನ್ನ ಕರಿ."

ಪವಿತ್ರ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತಳು. ಶ್ರೀಕಂಠಯ್ಯ ಅವಳು ನಿಂತ ಕಡೆಗೆ ಮುಖ ತಿರುಗಿಸಿದರು.

"ಕೆಡಿಸಿದ್ದು ನಾನು ತಾಯಿ. ಪೂಜೆ ಮಾಡ್ತೀನಿ ಅಂತ ಗಂಧ ಮೆತ್ತಿಬಿಟ್ಟೆ. ನಿನ್ನ ಮೇಲೆ ಬಂದ ಮಾತು ನನ್ನದು. ನಾಳೆಯಿಂದ ಬಾ."

"ಬುಡಿ ಅಯ್ನೋರೆ, ದೊಡ್ಡೋರು ಅಂಗೆಲ್ಲ ಅನ್ಬ್ಯಾಡಿ" ಎಂದು ಚಿಕ್ಕಸ್ವಾಮಿ ಅತ್ತ ಇತ್ತ ನೋಡಿದ. ಮನೆಯ ಮುಂದೆ ಬಂದ ನ್ಯಾಯವನ್ನು ಎಲ್ಲಿ ಕೂರಿಸಬೇಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಮುದುಕರ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ, ಎಳನೀರು ಕೆತ್ತಲು ಮಚ್ಚು ಹುಡುಕಿಕೊಂಡು ಹೋದ.

ಅನುಮಾನಕ್ಕೆ ಗುರಿಯಾದ ದಿನ ಒಂದು ಹನಿ ಕಣ್ಣೀರು ಹಾಕದಿದ್ದ ಹುಡುಗಿ ಈಗ ಅಳುತ್ತಿದ್ದಳು. ಪ್ರಿಯಂವದಾ ಹತ್ತಿರ ಹೋದಳು. ಮಾವ ತಮ್ಮ ಪಾಲಿನದನ್ನು ಹೇಳಿ ಆಗಿತ್ತು. ತನ್ನದು ಬಾಕಿಯಿತ್ತು.

"ನೀವು ಮೊದ್ಲು ಕೇಳ್ದಾಗ ನಂಗೇನೂ ಅನ್ನಿಸ್ನಿಲ್ಲ ಅಕ್ಕ," ಪವಿತ್ರಳೇ ಮೂಗೆಳೆದುಕೊಂಡು ಹೇಳಿದಳು. "ಎರಡ್ನೇ ಸಲ ಕೇಳಿದ್ರಲ್ಲ, ಆಗ."

"ಗೊತ್ತು ಕಣೇ. ತಪ್ಪಾಯ್ತು," ಎಂದಳು ಪ್ರಿಯಂವದಾ. "ಇನ್ನು ಮೇಲೆ ನೀನು ಇಲ್ಲ ಅಂದರೆ ಇಲ್ಲ. ಇನ್ನೊಂದು ಸಲ ಕೇಳಲ್ಲ."