ಕೆಂಪು ಬಟ್ಟೆಯ ಗೂಟಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಬರೆಯದೆ ಎದ್ದು ಹೋಗಿದ್ದೇನೆ. ಮೊನ್ನೆ ಅಟ್ಟ ಖಾಲಿ ಮಾಡಿಸುವಾಗ ಒಂದು ಗಾಜಿನ ಬಾಟಲಿ ಸಿಕ್ಕಿತು. ತಳದಲ್ಲಿ ಒಣಗಿದ ಕೆಸರು, ಅದರ ಮೇಲೆ ಉಪ್ಪಿನ ಬಿಳಿ ಗೆರೆ. ಬಿರಡೆ ತೆಗೆದರೆ ಗಜನಿ ಗದ್ದೆಯ ವಾಸನೆ ಇನ್ನೂ ಇತ್ತು...

ಎಪ್ಪತ್ತರ ದಶಕದ ಕೊನೆ. ಕಾಗಾಲದ ಹತ್ತಿರ, ಸಮುದ್ರ ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ನಾವು ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಹೈಸ್ಕೂಲಿಗೆ ಧಾರವಾಡದ ಕಡೆಯಿಂದ ಒಬ್ಬ ವಿಜ್ಞಾನದ ಮಾಸ್ತರರು ಬಂದರು. ಪರಿಸರದ ಪಾಠವನ್ನು ಅವರು ಪುಸ್ತಕದಿಂದ ಮಾಡಲಿಲ್ಲ. ಮಕ್ಕಳನ್ನು ಗಜನಿಯ ಕಟ್ಟೆಗೆ ಕರೆದೊಯ್ದು, ಭರತ ಎಲ್ಲಿಯವರೆಗೆ ಏರಿತೋ ಅಲ್ಲಿ ಬಿದಿರಿನ ಗೂಟ ನೆಡಿಸುತ್ತಿದ್ದರು. ದೂರದಿಂದ ಕಾಣಲೆಂದು ತುದಿಗೆ ಕೆಂಪು ಬಟ್ಟೆ. ಒಂದೊಂದು ಗೂಟದ ಬಳಿಯ ನೀರನ್ನೂ ಒಂದೊಂದು ಬಾಟಲಿಗೆ ತುಂಬಿಸಿ, ಕೆಸರು ತಳಕ್ಕೆ ಇಳಿಯುವುದನ್ನು ತೋರಿಸುತ್ತಿದ್ದರು.

ಹತ್ತನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಒಂದು ದಿನ ಪಪ್ಪಾಯಿ ಎಲೆಯ ದಂಟು ಕತ್ತರಿಸಿ, ಅದರ ತುದಿಗೆ ಜೇಡಿಮಣ್ಣು ತುಂಬುತ್ತಿದ್ದಳು.

"ಎಂತದೇ ಅದು?"

"ಉಪ್ಪು ಅಳೆಯೂಕೆ ಅಪ್ಪಾ. ನೀರಲ್ಲಿ ಉಪ್ಪು ಹೆಚ್ಚಿದ್ರೆ ದಂಟು ಮೇಲೆ ನಿಲ್ತದೆ."

"ನಾಲಿಗೆ ಇಲ್ವಾ ನಿಮ್ಮ ಮಾಸ್ತರ್ರಿಗೆ?"

ಅವಳು ನಕ್ಕಳು. ನಾನು ನಗಲಿಲ್ಲ. ಸಮುದ್ರವನ್ನೇ ಕಾಣದ ಊರಿನವನಿಗೆ ನಮ್ಮ ಭರತ, ಇಳಿತದ ಉಸಾಬರಿ ಯಾಕೆ? ಗಜನಿಗಳನ್ನು ಯಾವುದೋ ಕಾರ್ಖಾನೆಗೆ ಕೊಡುತ್ತಾರೆಂಬ ಸುದ್ದಿ ಆಗ ಕುಮಟೆಯ ಚಾ ಅಂಗಡಿಗಳಲ್ಲಿ ಹರಿದಾಡುತ್ತಿತ್ತು. ಕೆಂಪು ಬಟ್ಟೆಯ ಗೂಟ ಕಂಡರೆ ನಮಗೆ ಸರ್ವೆಯೇ ನೆನಪಾಗುವುದು. ಎರಡು ದಿನ ನೀರಂಚಿನ ಕಾಂಡ್ಲ ಗಿಡಗಳ ಮರೆಯಲ್ಲಿ ನಿಂತು ನೋಡಿದೆ. ಮಾಸ್ತರರು ಹೆಜ್ಜೆ ಹಾಕಿ ಅಳೆಯುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ಎದುರು ಹೋಗಿ ಒಂದು ಮಾತು ಕೇಳಬಹುದಿತ್ತು...

ಕೇರಿಯಲ್ಲಿ ಮ್ಯಾಟ್ರಿಕ್ ಮುಗಿಸಿದವನು ನಾನೊಬ್ಬನೇ. ಎಲ್ಲರ ಅರ್ಜಿ ಬರೆಯುವವನೂ ನಾನೇ. ಮಗಳ ನೋಟುಪಟ್ಟಿಯಲ್ಲಿ ಗಜನಿಯ ನಕ್ಷೆ ಇತ್ತು. ಯಾರ ಗದ್ದೆಗೆ ಎಲ್ಲಿಯವರೆಗೆ ಉಪ್ಪುನೀರು ಬರುತ್ತದೆಂದು ಹೆಸರು ಸಮೇತ ಬರೆದಿದ್ದಳು. ಅವಳು ಬಾವಿಗೆ ಹೋದಾಗ ಆ ಹಾಳೆ ಹರಿದುಕೊಂಡೆ. ಮಾಸ್ತರರು ಮಕ್ಕಳ ಕೈಯಲ್ಲಿ ಕಳ್ಳ ಸರ್ವೆ ಮಾಡಿಸುತ್ತಿದ್ದಾರೆಂದು ಸಹಿಯಿಲ್ಲದ ಅರ್ಜಿ ಬರೆದು, ಹಾಳೆಯನ್ನು ಲಗತ್ತಿಸಿ ಮೇಲಿನ ಕಚೇರಿಗೆ ಕಳಿಸಿದೆ.

ವಿಚಾರಣೆಗೆ ಬಂದ ಅಧಿಕಾರಿ ತರಗತಿಯ ಎದುರು ಆ ಹಾಳೆ ಹಿಡಿದು, ಇದು ಯಾರ ಅಕ್ಷರ ಎಂದು ಕೇಳಿದರಂತೆ. ನನ್ನ ಮಗಳು ಎದ್ದು ನಿಂತಳಂತೆ. "ನಾನ ಬರಸೀನ್ರಿ ಸಾಹೇಬ್ರ, ಆ ಹುಡುಗೀದು ಏನೂ ತಪ್ಪಿಲ್ಲ" ಎಂದರಂತೆ ಮಾಸ್ತರರು. ತಿಂಗಳೊಳಗೆ ಅವರಿಗೆ ವರ್ಗವಾಯಿತು. ಕಾರ್ಖಾನೆಗೆಂದು ಗಜನಿ ಕೇಳಿಕೊಂಡು ಯಾರೂ ಬರಲಿಲ್ಲ.

ಶಾಲೆಯಲ್ಲಿ ಅವಳಿಗೆ "ಮಾಸ್ತರ್ರನ್ನ ಹಿಡಿದುಕೊಟ್ಟವಳು" ಎಂಬ ಹೆಸರು ಬಿತ್ತು. ಹಾಳೆ ಹರಿದವರು ಯಾರೆಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. "ನಾ ಇನ್ನು ಶಾಲೆಗೆ ಹೋಗೂದಿಲ್ಲ" ಎಂದಳು, ಅಷ್ಟೇ. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರರು ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈಮುಗಿದು ಎಲ್ಲ ಹೇಳಿ, ತಪ್ಪಾಯಿತು ಎಂದೆ.

"ನನಗ ಬರೇ ವರ್ಗ ಆತು, ಬಿಡ್ರಿ. ಆಕಿಗೆ ಹೇಳೀರೇನು?"

ಅಷ್ಟರಲ್ಲಿ ಅವರ ಬಸ್ಸು ಬಂತು. ಈಗ ಅವರಿಲ್ಲ.

ನಿನ್ನೆ ಮಗಳು ಮಂಕಿ ಊರಿನ ಗಂಡನ ಮನೆಯಿಂದ ಬಂದಿದ್ದಾಳೆ. ಅವಳ ತಲೆಯೂ ನರೆತಿದೆ. ಜಗಲಿಯ ಮೇಲಿದ್ದ ಬಾಟಲಿಯ ಬಿರಡೆ ತೆಗೆದು ಮೂಸಿದಳು. ಮತ್ತೆ ಮುಚ್ಚಿದಳು.

"ಇದ್ನ ಬಿಸಾಕಬೇಡ ಅಪ್ಪಾ" ಎಂದು ಒಳಗೆ ಹೋದಳು.

ಈಗ ಒಳಗೆ ಮೀನು ತೊಳೆಯುವ ಸದ್ದು ಕೇಳುತ್ತಿದೆ. ಮಾಸ್ತರರಲ್ಲಿ ತಡವಾಗಿಯಾದರೂ ಕ್ಷಮೆ ಕೇಳಿದೆ. ಇವತ್ತಿಗೂ ಕೇಳದೆ ಉಳಿದಿರುವುದು ಒಬ್ಬಳಲ್ಲೇ. ನನ್ನ ಮಗಳಲ್ಲಿ.